ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದೆ ಅನ್ನಬಹುದಿತ್ತು

ತುರ್ತುಪರಿಸ್ಥಿತಿ ಹೇರಿದ್ದು 1975ರ ಜೂನ್ 25ರ ರಾತ್ರಿ. ಮಾರನೇ ದಿನ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರನ್ನು ಬೆಂಗಳೂರಿನಲ್ಲೇ ಹಿಡಿದರೆಂಬ ಸುದ್ದಿ ಬೇಲೂರಿಗೆ ಬಂದದ್ದು ಬಾಯಿಂದ ಬಾಯಿಗೆ. ಪತ್ರಿಕೆಗಳಿಗೆ ಸೆನ್ಸಾರ್ ಇತ್ತಲ್ಲ! ಆಮೇಲೆ ನಮಗೆ ಸೈಕ್ಲೋಸ್ಟೈಲ್ ಹಾಳೆಯೇ ಪತ್ರಿಕೆ. ಕಟ್ಟುಗಳು ರೈಲಿನಲ್ಲಿ ಅರಸೀಕೆರೆಗೆ ಬರುತ್ತಿದ್ದವು. ಅಲ್ಲಿಂದ ಕೊತ್ತಂಬರಿ ಸೊಪ್ಪು ಹೊದಿಸಿದ ಚೀಲದಲ್ಲಿ ಹಳೇಬೀಡಿನ ಮೇಲೆ ಬಸ್ಸಿನಲ್ಲಿ ತರುತ್ತಿದ್ದೆವು. ಸಾಲದಿದ್ದರೆ ಊರಲ್ಲೇ ಒಂದಿಷ್ಟು ಅಚ್ಚು ಹಾಕುತ್ತಿದ್ದೆವು. ಬೆರಳಿಗಂಟಿದ ಮಸಿಯನ್ನು ಸೀಮೆಎಣ್ಣೆ ಹಾಕಿ ತಿಕ್ಕಬೇಕಿತ್ತು. ಹಿಡಿಸಿಕೊಡಲು ಆ ವಾಸನೆಯೇ ಸಾಕಿತ್ತು.

ತುರ್ತುಪರಿಸ್ಥಿತಿಯನ್ನು ವಿರೋಧಿಸುತ್ತಿದ್ದ ಲೋಕ ಸಂಘರ್ಷ ಸಮಿತಿ ನವೆಂಬರ್ 14ರಿಂದ ಸತ್ಯಾಗ್ರಹಕ್ಕೆ ಕರೆ ಕೊಟ್ಟಿತು. ನಾವು ಕೆಲವರು ಬಸ್ ನಿಲ್ದಾಣದಲ್ಲಿ ಘೋಷಣೆ ಕೂಗಿ ಭಾರತ ರಕ್ಷಣಾ ನಿಯಮಗಳ (ಡಿಐಆರ್) ಅಡಿ ಬಂಧನಕ್ಕೊಳಗಾದೆವು.

ಠಾಣೆಯಲ್ಲಿ ಒಂದೇ ಪ್ರಶ್ನೆ: ಸೈಕ್ಲೋಸ್ಟೈಲ್ ಯಂತ್ರ ಯಾರ ಮನೇಲಿದೆ? ಅಂಗಾಲಿಗೆ ಲಾಠಿ ಬಿತ್ತು. ಮೊದಲು ಉರಿ, ಆಮೇಲೆ ಕಾಲೇ ನಮ್ಮದಲ್ಲವೆಂಬ ಜೋಮು. ಎಬ್ಬಿಸಿ ನಡೆಸುತ್ತಾರೆ ನೋಡಿ, ಜೀವ ಬಾಯಿಗೆ ಬರುವುದು ಆಗ. ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಕೋರ್ಟಿನ ದಿನ ವಕೀಲರು ಕಿವಿಯಲ್ಲಿ, "ಅರಸೀಕೆರೆ ಬಸ್ಸಿಗೆ ಕಾಯ್ತಿದ್ದೆ ಅನ್ನಪ್ಪ, ಬಿಟ್ಬಿಡ್ತಾರೆ" ಎಂದರು. ಅದಕ್ಕೆ ಮಾತ್ರ ಮನಸ್ಸು ಒಪ್ಪಲಿಲ್ಲ. ಕೂಗಿದ್ದು ನಾನೇ ಎಂದೆ. ಅಲ್ಲಿ ಸುಳ್ಳು ಹೇಳಿ ಇಲ್ಲಿ ಹರಿಶ್ಚಂದ್ರನಾದೆಯಾ ಎಂದು ಜೈಲಿನಲ್ಲಿ ಒಬ್ಬರು ಕೆಣಕಿದರು. ಠಾಣೆಯ ಸುಳ್ಳು ಯಂತ್ರವಿದ್ದ ಮನೆಯ ಹೆಂಗಸರು ಮಕ್ಕಳಿಗಾಗಿ ಹೇಳಿದ್ದು. ಕೋರ್ಟಿನಲ್ಲಿ ಹೇಳಿದ್ದರೆ ಅದು ನನ್ನ ಚರ್ಮಕ್ಕಾಗಿ. ಅನ್ಯಾಯದ ಕಾನೂನು ಮುರಿಯಲೇಬೇಕು, ಆದರೆ ಮುರಿದವನೇ ಶಿಕ್ಷೆಯನ್ನೂ ಉಣ್ಣಬೇಕು.

ರೈಲು ಹಳಿ ಸ್ಫೋಟಿಸುವ ಸಂಚಿನ ಆರೋಪವಿದ್ದ ಬರೋಡಾ ಡೈನಮೈಟ್ ಪ್ರಕರಣದ ಸುದ್ದಿ ಬಂದಾಗ ಬ್ಯಾರಕ್ಕಿನ ಹುಡುಗರಿಗೆ ಹುರುಪೋ ಹುರುಪು. ಪ್ರಾಣಹಾನಿಯಾಗದಂತೆ ಹಳಿ ಹಾರಿಸಬಹುದು ಎಂದು ಮುದ್ದೆ ಮುರಿಯುತ್ತಲೇ ವಾದಿಸುತ್ತಿದ್ದರು. ನನಗೆ ಅರಸೀಕೆರೆ ಜಂಕ್ಷನ್ನಿನಲ್ಲಿ ಲಾಟೀನು ಹಿಡಿದು ಹಳಿ ನೋಡುತ್ತ ಹೋಗುವ ಗ್ಯಾಂಗ್‌ಮನ್ ನೆನಪಾಗುತ್ತಿದ್ದ. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಮೀಸಾ ಕಾಯಿದೆ ಮಾಡಿದವನು ಅವನಲ್ಲ. ಅವನ ಜೀವ ಪಣಕ್ಕಿಡಲು ನಾವ್ಯಾರು? ಈ ಮಾತಿಗೆ ನನ್ನನ್ನು ಹೇಡಿ ಎಂದವರಿದ್ದರು. ಇಂದಿಗೂ ನನ್ನ ಅಭಿಪ್ರಾಯ ಅದೇ.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ತುರ್ತುಪರಿಸ್ಥಿತಿಯಲ್ಲಿ ಮೀಸಾ ಬಂಧಿಗಳು ಬಿಡುಗಡೆ ಕೋರಿ ಹೈಕೋರ್ಟಿಗೆ ಹೋಗುವಂತಿಲ್ಲ ಎಂದಿತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಅವತ್ತು ಬ್ಯಾರಕ್ಕಿನಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. 'ಸಂಸ್ಕಾರ' ಚಿತ್ರದ ಚಂದ್ರಿ ಪಾತ್ರಧಾರಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಯಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಏಪ್ರಿಲ್ 28ರ ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಸಾರಿದ್ದು 2017ರ ಆಗಸ್ಟ್ 24ರಂದು, ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಅದಕ್ಕೆ 41 ವರ್ಷ ಹಿಡಿಯಿತು.