ಪಿಗ್ಮಿ ಲೆಕ್ಕದ ಬಿಡುವು

"ಟೈಮೇ ಇಲ್ಲ ಮಾರಾಯ್ರೆ!"

ನಮ್ಮ ಕಡೆ ಈಗ ನಮಸ್ಕಾರದ ಬದಲು ಹೇಳುವ ಮಾತು ಇದು. ಉಡುಪಿಯ ಸಿಟಿ ಬಸ್ಸಿನಲ್ಲಿ, ಮಣಿಪಾಲದ ಟೈಗರ್ ಸರ್ಕಲಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎಲ್ಲಿ ಸಿಕ್ಕಿದರೂ ಇದೇ. ನಾನೂ ಹೇಳುತ್ತೇನೆ, ಸುಳ್ಳೇನಲ್ಲ.

ನನ್ನ ಭೂಗೋಳ ಹೀಗುಂಟು: ಮನೆ ಉಡುಪಿ, ಆಫೀಸು ಮಣಿಪಾಲ, ಅಮ್ಮ ಇರುವುದು ಕಾರ್ಕಳ, ಮನಸ್ಸು ಇರುವುದು ಕಾಪು ಕಡಲ ತೀರ. ನಕ್ಷೆಯಲ್ಲಿ ನೋಡಿದರೆ ಎಲ್ಲವೂ ಒಂದು ಗಂಟೆಯ ದಾರಿ. ಆದರೆ ವಾರದ ಕ್ಯಾಲೆಂಡರಿನಲ್ಲಿ ನಾಲ್ಕಕ್ಕೂ ಜಾಗ ಸಿಗುವುದು ಬಹಳ ಅಪರೂಪ. ಇದರ ಮೇಲೆ ಕಪಾಟಿನಲ್ಲಿ ಕೂತವರು ಬೇರೆ: ಒಂದು ಕ್ಯಾಮೆರಾ, ಎರಡು ಲೆನ್ಸು, ಓದುವುದಕ್ಕೆ ಕಿಂಡಲ್ಲು, ಹಾಡು ಕೇಳುವುದಕ್ಕೆ ಒಳ್ಳೆಯ ಹೆಡ್‌ಫೋನು, ಒಂದು ಮದ್ದಳೆ. "ಇದೆಲ್ಲ ಹೊರಗೆ ಬರುವುದು ಕಾರ್ಕಳದ ಗೊಮ್ಮಟನ ಮಹಾಮಸ್ತಕಾಭಿಷೇಕದ ಲೆಕ್ಕದಲ್ಲಿ, ಹನ್ನೆರಡು ವರ್ಷಕ್ಕೊಮ್ಮೆ" ಅಂತ ಮನೆಯವಳು ತಮಾಷೆ ಮಾಡುತ್ತಾಳೆ. 1432ರಿಂದ ಬೆಟ್ಟದ ಮೇಲೆ ನಿಂತಿರುವ 42 ಅಡಿಯ ಗೊಮ್ಮಟನಿಗೆ ಆ ತಾಳ್ಮೆ ಉಂಟು. ನಮಗೆಲ್ಲಿ? :-)

ಈ "ಟೈಮಿಲ್ಲ" ಎನ್ನುವ ಸಮಸ್ಯೆಗೆ ಉತ್ತರ ಹುಡುಕುವಾಗ ನನಗೆ ಸಿಕ್ಕಿದ್ದು ನಮ್ಮೂರಿನದೇ ಒಂದು ಹಳೆಯ ಉಪಾಯ: ಪಿಗ್ಮಿ.

ಕರಾವಳಿಯವರಿಗೆ ಪಿಗ್ಮಿ ಅಂದರೆ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕು ಶುರು ಮಾಡಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು (2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು). 1928ರಲ್ಲಿ ಅವರು ತಂದ ಯೋಜನೆಯೇ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ದಿನಕ್ಕೆ ಎರಡಾಣೆ ಅಂದರೆ ಎಂಟು ದಿನಕ್ಕೆ ಒಂದು ರೂಪಾಯಿ. ವರ್ಷಕ್ಕೆ ಬಡ್ಡಿ ಬಿಟ್ಟು ನಲವತ್ತೈದು ರೂಪಾಯಿ ಹತ್ತಾಣೆ. ಆ ಕಾಲಕ್ಕೆ ಅದು ಸಣ್ಣ ಗಂಟೇನಲ್ಲ. ಇವತ್ತಿಗೂ ನಮ್ಮ ಸಹಕಾರಿ ಸೊಸೈಟಿಗಳ ಪಿಗ್ಮಿ ಕಲೆಕ್ಟರುಗಳು ಪೇಟೆಯ ಅಂಗಡಿ ಅಂಗಡಿ ಸುತ್ತುವುದನ್ನು ನೋಡಬಹುದು.

ಇದೇ ಲೆಕ್ಕವನ್ನು ಸಮಯಕ್ಕೆ ಹಾಕಿ ನೋಡಿದೆ. ದಿನಕ್ಕೆ ಇಪ್ಪತ್ತು ನಿಮಿಷ ಅಂದರೆ ವರ್ಷಕ್ಕೆ 121 ಗಂಟೆ 40 ನಿಮಿಷ. ವಾರಕ್ಕೆ ನಲವತ್ತು ಗಂಟೆಯ ಆಫೀಸಿನ ಲೆಕ್ಕದಲ್ಲಿ ಮೂರು ವಾರ ರಜೆ! ಯಾವ ಮ್ಯಾನೇಜರ್ ಕೊಡುತ್ತಾನೆ ಹೇಳಿ?

ನಮ್ಮಲ್ಲಿ ಹೆಚ್ಚಿನವರು ಹೀಗೆ ಚಿಲ್ಲರೆ ಕೂಡಿಸುವುದಿಲ್ಲ, ಬಿಡುವು ದೊಡ್ಡ ಗಂಟಾಗಿ ಬರಲಿ ಅಂತ ಕಾಯುತ್ತೇವೆ. ಪ್ರಾಜೆಕ್ಟ್ ಮುಗಿಯಲಿ, ಮಕ್ಕಳ ಪರೀಕ್ಷೆ ಕಳೆಯಲಿ, ಸಾಲ ತೀರಲಿ. ದೊಡ್ಡ ದೊಡ್ಡವರೂ ಈ ಗಂಟನ್ನು ನಂಬಿದವರೇ. ಪಿಗ್ಮಿ ಶುರುವಾದ ಎರಡು ವರ್ಷಕ್ಕೆ, 1930ರಲ್ಲಿ, ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಒಂದು ಪ್ರಬಂಧ ಬರೆದ. ನೂರು ವರ್ಷ ಕಳೆಯುವಾಗ ಮೊಮ್ಮಕ್ಕಳ ಕಾಲದವರು ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾದೀತು, ಉಳಿದ ಸಮಯವನ್ನು ಹೇಗೆ ಕಳೆಯುವುದು ಎಂಬುದೇ ಅವರ ಸಮಸ್ಯೆಯಾದೀತು ಅಂತ ಅದರಲ್ಲಿ ಹೇಳಿದ. 2030 ಹತ್ತಿರ ಬಂತು. ಮಣಿಪಾಲದಲ್ಲಿ ನಮ್ಮ ಆಫೀಸಿನ ದೀಪ ರಾತ್ರಿ ಒಂಬತ್ತಕ್ಕೂ ಉರಿಯುತ್ತಿರುತ್ತದೆ.

ಗಂಟಿಗೆ ಕಾಯುವುದು ಅಂದಾಗ ನನಗೆ ನೆನಪಾಗುವುದು ಅಪ್ಪ. ಕಾರ್ಕಳದ ಹತ್ತಿರ ಶಾಲಾ ಮಾಷ್ಟ್ರಾಗಿದ್ದರು. ಭಾಗವತಿಕೆಯ ಹುಚ್ಚು. ಕ್ರಮದಲ್ಲಿ ಕಲಿಯಬೇಕು ಅಂತ ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದಿಟ್ಟಿದ್ದರು, ನಮ್ಮ ಮನೆಗೆ ಬಂದ ಮೊದಲ ಗ್ಯಾಜೆಟ್ಟು ಅದೇ ಇರಬೇಕು. "ರಿಟೈರ್ ಆದ ಮೇಲೆ ಕೂತು ಕಲಿಯುವುದು" ಅನ್ನುತ್ತಿದ್ದರು. ನಿವೃತ್ತಿಯ ಎರಡನೇ ವರ್ಷ ಪಾರ್ಶ್ವವಾಯು ಬಡಿಯಿತು. ಆರು ತಿಂಗಳಲ್ಲಿ ಮಾತು ಹಿಂದೆ ಬಂತು, ಸ್ವರ ಬರಲಿಲ್ಲ. ಆಮೇಲೂ ಎಂಟು ವರ್ಷ ಇದ್ದರು. ಶ್ರುತಿಪೆಟ್ಟಿಗೆಯ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಸರಿ, ಹಾಗಾದರೆ ದಿನಾ ಇಪ್ಪತ್ತು ನಿಮಿಷ ತೆಗೆದಿಟ್ಟರಾಯಿತು ಅಂತೀರಾ? ಅಷ್ಟು ಸುಲಭ ಇಲ್ಲ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಮೂವತ್ತು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವರು. ಅವರ ಹತ್ತಿರ ಈ ಸಿದ್ಧಾಂತ ಮಂಡಿಸಿದೆ. ನಕ್ಕುಬಿಟ್ಟರು.

"ದುಡ್ಡು ಸಣ್ಣದು ಅಂತ ಜನ ಕಟ್ಟಿದ್ದಲ್ಲ ಮಾರಾಯಾ. ನಾನು ಬಾಗಿಲಿಗೆ ಹೋಗಿ ನಿಲ್ತಿದ್ದೆ ಅಂತ ಕಟ್ಟಿದ್ದು. ಎರಡು ದಿನ ಜ್ವರ ಬಂದು ಮಲಗಿದೆ ಅಂತಿಟ್ಟುಕೋ, ಆ ಎರಡು ದಿನದ ದುಡ್ಡು ಒಬ್ಬನೂ ತೆಗೆದಿಡ್ತಿರಲಿಲ್ಲ!"

ಈ ಮಾತು ತಲೆಯಲ್ಲೇ ಉಳಿಯಿತು. ಪಿಗ್ಮಿಯ ಗುಟ್ಟು ಇರುವುದು ಎರಡಾಣೆಯಲ್ಲಿ ಅಲ್ಲ, ಬಾಗಿಲಿಗೆ ಬರುವ ಮನುಷ್ಯನಲ್ಲಿ.

ಹಾಗೆ ನೋಡಿದರೆ ಈಗ ನಮ್ಮ ಸಮಯಕ್ಕೂ ಒಬ್ಬ ಕಲೆಕ್ಟರ್ ಇದ್ದಾನೆ. ಜೇಬಿನಲ್ಲೇ ಇದ್ದಾನೆ. ದಿನಕ್ಕೆ ನೂರು ಸಲ 'ಟಿಣ್' ಅಂತ ಬಾಗಿಲು ತಟ್ಟುತ್ತಾನೆ. ಎರಡು ನಿಮಿಷ, ಮೂರು ನಿಮಿಷ ಚಿಲ್ಲರೆ ಚಿಲ್ಲರೆಯಾಗಿ ತೆಗೆದುಕೊಂಡು ಹೋಗುತ್ತಾನೆ. 2018ರಿಂದ ಆಪಲ್, ಗೂಗಲ್ ಎರಡೂ ಕಂಪನಿಗಳು ಇದಕ್ಕೆ ಪಾಸ್‌ಬುಕ್ಕನ್ನೂ ಕೊಟ್ಟಿವೆ, ದಿನಕ್ಕೆ ಎಷ್ಟು ಹೊತ್ತು ಫೋನು ನೋಡಿದಿರಿ ಅಂತ ತೋರಿಸುತ್ತದೆ. ಕಳೆದ ವಾರ ನನ್ನದು ದಿನಕ್ಕೆ ಮೂರು ಗಂಟೆ ಹತ್ತು ನಿಮಿಷ. ಪಾಸ್‌ಬುಕ್ಕೇನೋ ಸರಿ, ಆದರೆ ಈ ಖಾತೆಯಲ್ಲಿ ಕಟ್ಟಿದ್ದು ಮಾತ್ರ ಕಾಣುತ್ತದೆ. ತೆಗೆಯಲಿಕ್ಕೆ ಆಗುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಹವ್ಯಾಸಗಳ ಪಟ್ಟಿ ನೋಡಿದೆ. ಯಾವುದು ಉಳಿದಿದೆ? ಯಾರಾದರೂ ಬಂದು ಕರೆಯುವಂಥದ್ದು ಮಾತ್ರ.

ಕ್ಯಾಮೆರಾ ಉಳಿದಿದೆ. ಯಾಕೆಂದರೆ ತಿಂಗಳಿಗೆರಡು ಭಾನುವಾರ ಬೆಳಿಗ್ಗೆ ಐದೂವರೆಗೆ ಗೆಳೆಯನೊಬ್ಬ ಸ್ಕೂಟರ್ ತಂದು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಾನೆ. ಕಾಪುವಿಗೆ ಎಲ್ಲರೂ ಸೂರ್ಯಾಸ್ತಕ್ಕೆ ಹೋಗುವವರು. ಬೆಳಿಗ್ಗೆ ಹೋಗಿ ನೋಡಿ: ಬೆನ್ನ ಹಿಂದಿನಿಂದ ಬರುವ ಎಳೆ ಬಿಸಿಲು ಬಂಡೆಯ ಮೇಲಿನ ಆ 1901ರ ದೀಪಸ್ತಂಭಕ್ಕೆ ನೇರ ಬೀಳುತ್ತದೆ. ಕೈರಂಪಣಿ ಎಳೆಯುವವರು ಸಾಲಾಗಿ ನಿಂತಿದ್ದರೆ ಆ ದಿನ ಹಬ್ಬ. ಇನ್ನೊಂದು ವಿಷಯ, ನಮ್ಮ ಮಳೆಗಾಲದ ತೇವಕ್ಕೆ ಮುಟ್ಟದೆ ಇಟ್ಟ ಲೆನ್ಸಿನ ಒಳಗೆ ಫಂಗಸ್ ಬರುತ್ತದೆ. ಹಾಗಾಗಿ ನಾನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಆಗಾಗ ಹೊರತೆಗೆದು ಬೆಳಕು ತೋರಿಸುತ್ತೇನೆ. ಕರಾವಳಿಯ ಹವೆಯೇ ಹೇಳುತ್ತದೆ: ಉಪಯೋಗಿಸು, ಇಲ್ಲದಿದ್ದರೆ ನಾನು ತಿನ್ನುತ್ತೇನೆ!

ಮದ್ದಳೆ ಉಳಿದಿದೆ. ಶನಿವಾರ ಸಂಜೆ ತರಗತಿ. ಆರು ಜನರಲ್ಲಿ ಒಬ್ಬ ತಪ್ಪಿಸಿದರೂ ಗುರುಗಳು ಫೋನು ಮಾಡಿ "ಎಂತ, ಉಷಾರಿಲ್ವಾ?" ಅಂತ ಕೇಳುತ್ತಾರೆ. ಫ್ಲಾಟಿನಲ್ಲಿ ಬಾರಿಸುವ ಹಾಗಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಏಕತಾಳ, ರೂಪಕ ನಡೆಯುತ್ತದೆ. ಪಕ್ಕದಲ್ಲಿ ಕೂತವರು ಸ್ವಲ್ಪ ದೂರ ಸರಿಯುತ್ತಾರೆ, ಅದೂ ಒಳ್ಳೆಯದೇ. ಕಿಂಡಲ್ಲು, ಹೆಡ್‌ಫೋನುಗಳ ಬಾಗಿಲಿಗೆ ಮಾತ್ರ ಯಾರೂ ಬರುವುದಿಲ್ಲ. ಅವು ಚಾರ್ಜ್ ಇಲ್ಲದೆ ಮಲಗಿವೆ.

ಎಲ್ಲವೂ ಪಿಗ್ಮಿಯಲ್ಲಿ ಆಗುತ್ತದೆ ಅಂತ ಹೇಳಿದರೆ ತಪ್ಪಾದೀತು. ನಮ್ಮ ಯಕ್ಷಗಾನವನ್ನೇ ನೋಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಪ್ರೇಕ್ಷಕರು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕುವ 2000ದ ಶಬ್ದಮಾಲಿನ್ಯ ನಿಯಮ, ಇವೆಲ್ಲ ಸೇರಿ 'ಕಾಲಮಿತಿ' ಬಯಲಾಟ ಈಗ ಮಾಮೂಲು. ಸಂಜೆ ಹೋಗಿ ಆಟ ನೋಡಿ ಬಂದು ಮಲಗಬಹುದು. ಅದರಿಂದಲೇ ನನ್ನಂಥವರು ಮತ್ತೆ ಆಟಕ್ಕೆ ಹೋಗುವ ಹಾಗಾಯಿತು. ಆದರೆ ನಡುರಾತ್ರಿಯ ನಿದ್ದೆ ತೂಗಿ, ಚೆಂಡೆಗೆ ಬೆಚ್ಚಿ ಎದ್ದು, ಬೆಳಗಿನ ಜಾವದ ರಾಗ ಕೇಳುವುದು ಎರಡಾಣೆಗೆ ಸಿಗುವ ವಸ್ತುವಲ್ಲ. ಅದು ಎಫ್‌ಡಿ. ದೀಪಾವಳಿ ಕಳೆದು ಮೇಳ ಹೊರಟಲ್ಲಿಂದ ಪತ್ತನಾಜೆಯ ಒಳಗೆ ಒಂದಾದರೂ ಇಡೀ ರಾತ್ರಿಯ ಆಟ ಹುಡುಕಿ ಹೋಗುತ್ತೇನೆ. ಮರುದಿನಕ್ಕೆ ಮೊದಲೇ ರಜೆ ಹಾಕಿರುತ್ತೇನೆ. ಕಾರಣ ಅಂತ ಇರುವಲ್ಲಿ "ಆಟ" ಅಂತಲೇ ಬರೆಯುತ್ತೇನೆ. ಆಫೀಸಿನವರು ಕ್ರಿಕೆಟ್ ಅಂದುಕೊಂಡಿದ್ದಾರೆ :-)

ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಗೆದ್ದವರು ಅಮ್ಮ. 'ಹವ್ಯಾಸ' ಅನ್ನುವ ಶಬ್ದವನ್ನೇ ಅವರು ಬಳಸಿದ್ದು ನಾನು ಕೇಳಿಲ್ಲ. ದನ, ತೋಟ, ಅಪ್ಪನ ಆರೈಕೆ, ಇದರ ಮಧ್ಯೆ ಬಿಡುವು ಇದ್ದದ್ದೇ ಇಲ್ಲ. ಆದರೆ ಸಂಜೆ ಆರೂವರೆಗೆ ಆಚೀಚೆ ಮನೆಯ ನಾಲ್ಕು ಹೆಂಗಸರು ಬರುತ್ತಾರೆ, ಅರ್ಧ ಗಂಟೆ ಭಜನೆ. ಇಪ್ಪತ್ತು ವರ್ಷದಿಂದ ನಡೆಯುತ್ತಿದೆ. ಅವರು ಬರುತ್ತಾರೆ ಅಂತ ಅಮ್ಮ ಚಾಪೆ ಹಾಸುತ್ತಾರೆ, ಚಾಪೆ ಹಾಸಿರುತ್ತದೆ ಅಂತ ಅವರು ಬರುತ್ತಾರೆ. ಅಪ್ಪ ಹೋದ ವರ್ಷ ಅಮ್ಮ ಅಟ್ಟದಿಂದ ಶ್ರುತಿಪೆಟ್ಟಿಗೆ ಇಳಿಸಿ, ರಿಪೇರಿ ಮಾಡಿಸಿ, ಭಜನೆಗೆ ಇಟ್ಟುಕೊಂಡರು. ಈಗ ಅದು ದಿನಾ ಹಾಡುತ್ತದೆ.

ಹಾಗಾಗಿ ನನ್ನ ಈಗಿನ ಲೆಕ್ಕ ಇಷ್ಟೇ. ಹೊಸ ಸಾಮಾನು ಕೊಳ್ಳುವ ಮೊದಲು, ಹೊಸ ಟೈಮ್‌ಟೇಬಲ್ ಹಾಕುವ ಮೊದಲು, ಒಬ್ಬ ಕಲೆಕ್ಟರನ್ನು ಹುಡುಕಿಕೊಳ್ಳಬೇಕು. ಸಾಧ್ಯವಾದರೆ ನಾವೂ ಒಬ್ಬರ ಬಾಗಿಲಿಗೆ ಕಲೆಕ್ಟರಾಗಿ ಹೋಗಬೇಕು. ಆಫೀಸಿನ ಹೊಸ ಹುಡುಗನೊಬ್ಬ ತಬಲಾ ಕಲಿತು ಬಿಟ್ಟವನಂತೆ. ಬರುವ ಶನಿವಾರ ಅವನ ರೂಮಿನ ಬಾಗಿಲು ತಟ್ಟುವುದು ಅಂತ ಮಾಡಿದ್ದೇನೆ.

ನಿಮ್ಮ ಬಾಗಿಲಿಗೆ ಯಾರು ಬರುತ್ತಾರೆ?