ಮನ್ಯಾಗ ಯಾರದಾರ?

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರ್. ಡಿಸೆಂಬರ್ ಕೊನೆಯಲ್ಲಿ ಆ ದಾರಿ ಹಿಡಿದರೆ ಎರಡೂ ಕಡೆ ಕಪ್ಪು ಎರೆಭೂಮಿ, ಕೊಯ್ದು ಒಟ್ಟಿದ ತೊಗರಿಯ ಬಣವೆಗಳು, ನಡುನಡುವೆ ಬಿಳಿಜೋಳ, ಕಡಲೆ, ಕುಸುಬೆ. ಕಲಬುರಗಿಯನ್ನು ತೊಗರಿಯ ಕಣಜ ಎಂದು ಸುಮ್ಮನೆ ಕರೆದದ್ದಲ್ಲ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ದಾರಿಯಲ್ಲಿ ಕಡಗಂಚಿ ಬರುತ್ತದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಬಯಲಿನ ನಡುವೆ ಆ ಕಟ್ಟಡಗಳನ್ನು ಕಂಡ ಮೊಮ್ಮಗಳು, "ಅಜ್ಜಾ, ಇಲ್ಲಿ ಓದೋರು ಹೊಲದಾಗಿಂದ ನಡಕೊಂಡು ಬರ್ತಾರೇನು?" ಎಂದು ಕೇಳಿದಳು.

ನಾವು ನಾಲ್ವರು: ನಾನು, ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು. ಮಗನಿಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಇದ್ದರೆ ಎಲ್ಲಿ ಕುಳಿತಾದರೂ ಮಾಡಬಹುದು. ಸೊಸೆ ಎರಡು ಅಂಗಡಿಗಳ ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲೇ ನೋಡಿಕೊಳ್ಳುತ್ತಾಳೆ. ಧಾರವಾಡದಲ್ಲಿ ಮನೆಯಾಕೆ ತೀರಿಕೊಂಡ ಮೇಲೆ ನನ್ನನ್ನು ಒಬ್ಬನೇ ಬಿಡಲು ಮಗನಿಗೆ ಮನಸ್ಸಾಗಲಿಲ್ಲ. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟರು, ಧಾರವಾಡದ ಸ್ವಂತ ಮನೆಗೆ ಬೀಗ ಹಾಕಿದೆವು, ಜೂನ್‌ನಿಂದ ಊರೂರು ತಿರುಗುತ್ತಿದ್ದೇವೆ. ಒಂದೊಂದು ಕಡೆ ಮೂರು ವಾರ, ನಾಲ್ಕು ವಾರ. ಮೊಮ್ಮಗಳ ಪಾಠವೆಲ್ಲ ನಮ್ಮೊಡನೆಯೇ. ಗಣಿತ, ಕನ್ನಡ ನನ್ನ ಪಾಲು, ಉಳಿದದ್ದು ಅವರಮ್ಮನದು.

ನಮ್ಮ ಕಾರಿನ ಮುಂದೆ ಒಂದು ವೇಳಾಪಟ್ಟಿ ಅಂಟಿಸಿದೆ. ಬರೆದವಳು ಮೊಮ್ಮಗಳು. ಐದೂವರೆಗೆ ಅಜ್ಜನ ವಾಕಿಂಗ್, ಏಳಕ್ಕೆ ಲೆಕ್ಕ, ಒಂಬತ್ತೂವರೆಗೆ ಅಪ್ಪನ ಮೀಟಿಂಗ್, ಸಂಜೆ ಆರಕ್ಕೆ ಎಲ್ಲರೂ ಸೇರಿ ಓಟ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ವಾಕಿಂಗ್ ಮಾತ್ರ ತಪ್ಪುವುದಿಲ್ಲ. ಸಂಜೆಯ ಓಟ ವಾರಕ್ಕೆ ಎರಡು ದಿನ ನಡೆದರೆ ಹೆಚ್ಚು. ಆ ಪಟ್ಟಿಯಲ್ಲಿ 'ಅಮ್ಮ' ಎಂಬ ಶಬ್ದವೇ ಇಲ್ಲ. ಇಡೀ ಪಟ್ಟಿ ನಿಂತಿರುವುದು ಅವಳ ಮೇಲೆಯೇ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಆಳಂದದಲ್ಲಿ ನಾವಿದ್ದದ್ದು ಒಂದು ಮಾಳಿಗೆ ಮನೆಯ ಮೇಲಿನ ಎರಡು ಕೋಣೆಯಲ್ಲಿ. ಹೋದ ವಾರದಲ್ಲೇ ಎಳ್ಳು ಅಮಾವಾಸ್ಯೆ ಬಂತು. ಈ ಭಾಗದಲ್ಲಿ ಅದು ದೀಪಾವಳಿಗಿಂತ ದೊಡ್ಡ ಹಬ್ಬ. ಅಂದು ಊರಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಮನೆಯ ಮಾಲೀಕರು, "ಮುತ್ಯಾ, ನೀವ್ ಮನ್ಯಾಗ ಕುಂತು ಏನ್ ಮಾಡ್ತೀರಿ? ಹೊಲಕ್ಕ ನಡ್ರಿ" ಎಂದು ಹೊರಡಿಸಿದರು. ಈ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಮೊಮ್ಮಗಳಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ಅಂದಿನಿಂದ ನಾನು ಅವಳಿಗೂ ಮುತ್ಯಾನೇ. ನಮ್ಮ 'ಐತಿ' ಇಲ್ಲಿ 'ಅದ' ಆಗುತ್ತದೆ ಎಂಬುದನ್ನೂ ಅವಳೇ ಮೊದಲು ಹಿಡಿದಳು.

ಹೊಲದಲ್ಲಿ ಜೋಳದ ದಂಟುಗಳ ನೆರಳಿಗೆ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿದ್ದರು. ಅವು ಪಾಂಡವರಂತೆ. ಪೂಜೆಯಾದ ಮೇಲೆ ಅಡುಗೆಯನ್ನೆಲ್ಲ ಚೂರುಚೂರು ಬೆರೆಸಿ ಬೆಳೆಯ ಸುತ್ತ ಎರಚುತ್ತ ಹೋದರು. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಅದು. ನಮಗೂ ಊಟ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಹಸಿ ಕಾಳು ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯ, ಶೇಂಗಾ ಹೋಳಿಗೆ, ಅಂಬಲಿ. ಮಗ ಅರ್ಧ ದಿನ ರಜೆ ಹಾಕಿ ಬಂದಿದ್ದ. ಭಜ್ಜಿಯನ್ನು ಮೂರು ಸಲ ಹಾಕಿಸಿಕೊಂಡ ಮೇಲೆ ಉಳಿದ ಅರ್ಧಕ್ಕೂ ರಜೆ ಹಾಕಿದ.

ಆಳಂದದಲ್ಲಿ ಹಜರತ್ ಲಾಡ್ಲೆ ಮಶಾಕರ ದರ್ಗಾ ಇದೆ. ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುತ್ತಾರೆ. ಶಿವಶರಣ ಏಕಾಂತದ ರಾಮಯ್ಯ ಹುಟ್ಟಿದ್ದೂ ಇದೇ ಊರಿನಲ್ಲಿ. ಆಗ ಇದರ ಹೆಸರು ಆಳಂದೆ. ಅವನ ಕಥೆ ಹೇಳುವ ಶಾಸನವಿರುವುದು ಇಲ್ಲಲ್ಲ, ದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಆಳಂದೆಯಿಂದ ಹೊರಟು ಪುಲಿಗೆರೆ ದಾಟಿ ಅಲ್ಲಿಯವರೆಗೆ ಹೋದವನು ಅವನು. ನಕಾಶೆಯಲ್ಲಿ ಮೊಮ್ಮಗಳ ಕೈಯಿಂದ ಆ ದಾರಿಯನ್ನು ಅಳೆಯಿಸಿದೆ. ಅಂದಿನ ಲೆಕ್ಕದ ಪಾಠ ಅಲ್ಲಿಗೆ ಮುಗಿಯಿತು.

ಜನವರಿಯಲ್ಲಿ ಅಫಜಲಪುರ ತಾಲ್ಲೂಕಿಗೆ ಬಂದೆವು. ಕೋಣೆಗಳು ಸುಲಭವಾಗಿ ಸಿಗುತ್ತವೆಂದು ಉಳಿದದ್ದು ದೇವಲ ಗಾಣಗಾಪುರದಲ್ಲಿ. ದತ್ತಾತ್ರೇಯನ ಕ್ಷೇತ್ರ, ನರಸಿಂಹ ಸರಸ್ವತಿಗಳು ಇದ್ದ ಊರು, ಅವರ ನಿರ್ಗುಣ ಪಾದುಕೆಗಳಿರುವ ಮಠ. ಮಧ್ಯಾಹ್ನದ ಹೊತ್ತು ಇಲ್ಲಿ ದತ್ತ ಭಿಕ್ಷುಕನ ವೇಷದಲ್ಲಿ ಬರುತ್ತಾನೆ ಎಂಬ ನಂಬಿಕೆ. ಅದಕ್ಕೇ ಎಂಥ ಸಿರಿವಂತ ಭಕ್ತನೂ ಅಂದು ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾನೆ. ಅದು ಮಧುಕರಿ. ಕಾರಿನಿಂದಿಳಿದವರೂ ಬರಿಗಾಲಲ್ಲಿ ಮನೆಯ ಮುಂದೆ ನಿಂತು ಕೈಯೊಡ್ಡುವುದನ್ನು ಮೊಮ್ಮಗಳು ಕಣ್ಣರಳಿಸಿ ನೋಡಿದಳು.

ನನಗೆ ಇಷ್ಟವಾದದ್ದು ಊರಿನಿಂದ ಸಂಗಮಕ್ಕೆ ಹೋಗುವ ದಾರಿ. ಆಳಂದ ತಾಲ್ಲೂಕಿನಲ್ಲಿ ಜಲಾಶಯ ಕಟ್ಟಿ ನಿಲ್ಲಿಸಿದ ಅಮರ್ಜಾ ಇಲ್ಲಿ ಬಂದು ಭೀಮೆಯನ್ನು ಸೇರುತ್ತದೆ. ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಪಂಢರಪುರದಲ್ಲಿ ಅದಕ್ಕೆ ಚಂದ್ರಭಾಗಾ ಎಂದು ಹೆಸರು. 861 ಕಿಲೋಮೀಟರ್ ಹರಿದು ಕೊನೆಗೆ ಕೃಷ್ಣೆಯಲ್ಲಿ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಐದೂವರೆಗೆ ಹೊರಟರೆ ಸಂಗಮದ ಅತ್ತಿಮರದ ಹತ್ತಿರ ಬೆಳಕಾಗುತ್ತಿತ್ತು.

ಒಂದು ಬೆಳಿಗ್ಗೆ ದಾರಿಯ ಪಕ್ಕದ ಹೊಲದಲ್ಲಿ ಬಲೆಯ ಬೇಲಿಯೊಳಗೆ ಕೆಂಪು ಕುರಿಗಳ ಹಿಂಡು ಕಂಡಿತು. ನಾಲ್ಕುನೂರಾದರೂ ಇದ್ದಾವು. ಪಕ್ಕದಲ್ಲಿ ಮೂರು ಒಲೆ, ಎರಡು ಕುದುರೆ, ನಾಯಿಗಳು, ಬುಟ್ಟಿಯೊಳಗೆ ಕೋಳಿಗಳು. ಲಿಂಗಸುಗೂರು ಕಡೆಯ ಮೂರು ಕುರಿಗಾಹಿ ಕುಟುಂಬಗಳು. ಕುರಿಗಳು ಆ ಸೀಮೆಯ ಕೆಂಗುರಿ ತಳಿಯವು. ದೀಪಾವಳಿ ಮುಗಿಸಿ ಊರು ಬಿಟ್ಟರೆ ಇವರು ಮರಳುವುದು ಮುಂಗಾರಿಗೆ.

ಮಕ್ಕಳೇ, ಇವರು ಸುಮ್ಮನೆ ಮೇವು ಹುಡುಕಿ ಅಲೆಯುವವರಲ್ಲ. ಕಟಾವಾದ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಾರೆ, ಎಂದರೆ ಹಿಂಡನ್ನು ಬಲೆ ಕಟ್ಟಿ ಅಲ್ಲೇ ನಿಲ್ಲಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಹೊಲಕ್ಕೆಲ್ಲ ಹಿಕ್ಕೆ ಗೊಬ್ಬರ ಬಿದ್ದಿರುತ್ತದೆ. ಅದಕ್ಕೆ ಹೊಲದವರು ರಾತ್ರಿಗೆ ಇಷ್ಟೆಂದು ರೊಕ್ಕ ಕೊಡುತ್ತಾರೆ, ಇಲ್ಲವೆ ಜೋಳ ಅಳೆಯುತ್ತಾರೆ. ಮರುದಿನ ಬಲೆ ಮುಂದಿನ ತುಂಡಿಗೆ ಸರಿಯುತ್ತದೆ. ಮೊದಲು ಹಿರಿಯನೊಬ್ಬ ಎರಡು ದಿನ ಮುಂಚೆ ಹೋಗಿ ಹೊಲ ನೋಡಿ ಮಾತಾಡಿ ಬರಬೇಕಿತ್ತಂತೆ. ಈಗ ಅದೆಲ್ಲ ಮೊಬೈಲಿನಲ್ಲಿ. ನಾನು ನಿಂತಿದ್ದಾಗಲೇ ಒಬ್ಬ ಕುರಿಗಾಹಿ ಕಿವಿಗೆ ಫೋನು ಹಿಡಿದು ಜೇವರ್ಗಿ ಕಡೆಯ ರೈತರೊಬ್ಬರೊಡನೆ ಚೌಕಾಶಿ ನಡೆಸಿದ್ದ. ಮಗನ ಮೀಟಿಂಗಿಗಿಂತ ಇದು ಬೇಗ ಮುಗಿಯಿತು.

ಮಾರನೆಯ ದಿನ ಎಲ್ಲರನ್ನೂ ಕರೆದುಕೊಂಡು ಹೋದೆ. ಮೂರು ಮನೆಯ ಕೆಲಸ ಒಂದಕ್ಕೊಂದು ತಾಗದಂತೆ ಹೊಂದಿಸಿದ್ದನ್ನು ಸೊಸೆ ಬಹಳ ಹೊತ್ತು ನೋಡುತ್ತ ಕುಳಿತಳು. ಗಂಡಸರು ಹಿಂಡಿನ ಹಿಂದೆ. ಒಬ್ಬಾಕೆ ರೊಟ್ಟಿಗೆ, ಒಬ್ಬಾಕೆ ನೀರಿಗೆ ಮತ್ತು ಮರಿಗಳಿಗೆ, ಇನ್ನೊಬ್ಬಾಕೆ ಗಂಟುಮೂಟೆ ಕಟ್ಟಿ ಕುದುರೆಗೆ ಹೇರಲು. ವಾರಕ್ಕೊಮ್ಮೆ ಕೆಲಸ ಅದಲುಬದಲು. ನಡೆಯಲಾರದ ಎಳೆಮರಿಗಳು ಜಾಳಿಗೆಯಲ್ಲಿ, ನಾಲ್ಕು ವರ್ಷದ ಹುಡುಗಿಯೊಬ್ಬಳು ಕುದುರೆಯ ಮೇಲಿನ ಗಂಟಿನ ತುದಿಯಲ್ಲಿ. ಮೊಮ್ಮಗಳು ನನ್ನ ಕೈಗಡಿಯಾರ ಬಿಚ್ಚಿ ನೀರಿನ ಸರದಿಯ ಹೆಣ್ಣುಮಗಳ ಕೈಗೆ ಕಟ್ಟಿದಳು. ಹೆಜ್ಜೆ ಎಣಿಸುವ ಗಡಿಯಾರ ಅದು. ನನ್ನ ಇಡೀ ದಿನದ ಲೆಕ್ಕವನ್ನು ಆಕೆ ಮಧ್ಯಾಹ್ನಕ್ಕೂ ಮುಂಚೆ ದಾಟಿಬಿಟ್ಟಳು. "ಇದನ್ನ ಎದಕ್ ಎಣಸ್ತೀರಿ?" ಎಂದು ಕೇಳಿದಳು. ಡಾಕ್ಟರು ಹೇಳಿದ್ದಾರೆ ಎಂದೆ. ಪಾಪ, ನಕ್ಕು ಸುಮ್ಮನಾದಳು.

ರೊಟ್ಟಿ ಬಡಿಯುತ್ತಿದ್ದಾಕೆ ನಮ್ಮ ಸಮಾಚಾರ ಕೇಳಿದಳು. ಜೂನ್‌ನಿಂದ ತಿರುಗುತ್ತಿದ್ದೇವೆ ಎಂದು ಸೊಸೆ ಹೇಳಿದಾಗ ಆಕೆಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಆದರೆ ಒಂದು ಪ್ರಶ್ನೆ ಹಾಕಿದಳು:

"ಮನ್ಯಾಗ ಯಾರದಾರ?"

"ಯಾರಿಲ್ರೀ. ಬೀಗ ಹಾಕಿ ಬಂದೀವಿ."

ರೊಟ್ಟಿ ಬಡಿಯುವ ಕೈ ನಿಂತಿತು. "ಬೀಗ ಹಾಕೀರಿ? ದೀಪ ಹಚ್ಚೋರು ಯಾರ್ರಿ ಮತ್ತ? ಕೂಸು ಸಾಲಿಗಿ ಹೋಗೂದು ಎಲ್ಲಿಂದ?"

ಆಕೆಯ ಹಿರಿಯ ಮಗ ಊರಿನಲ್ಲಿ ಐದನೆಯ ತರಗತಿ. ಅತ್ತೆ ಅವನೊಡನೆ ಮನೆಯಲ್ಲಿದ್ದಾಳೆ. ಮೂರು ಮನೆಯ ಶಾಲೆಗೆ ಹೋಗುವ ಮಕ್ಕಳೆಲ್ಲ ಆ ಒಬ್ಬ ಅಜ್ಜಿಯ ಕೈಯಲ್ಲೇ. "ಮುದುಕಿ ಅಲ್ಲಿ ಕುಂತಾಳಂತ ನಾವು ಇಲ್ಲಿ ನಡೀತೀವಿ" ಎಂದಳು. ಹಿಂದೆ ಅಜ್ಜಿಯೂ ಹಿಂಡಿನೊಡನೆ ಬರುತ್ತಿದ್ದಳಂತೆ, ಮಕ್ಕಳೂ ಬರುತ್ತಿದ್ದರಂತೆ. ಆಕೆ ಮತ್ತು ಆಕೆಯ ಗಂಡ ಇಬ್ಬರಿಗೂ ಅಕ್ಷರ ಬಾರದಿರುವುದು ಹಾಗಾಗಿಯೇ. ಮಗನ ಕಾಲಕ್ಕೆ ಅಜ್ಜಿ ತಾನೇ ಹಟ ಹಿಡಿದು ಊರಲ್ಲಿ ನಿಂತಳು.

ಸಂಜೆ ಏಳಕ್ಕೆ ಫೋನು ಬರುತ್ತದೆ ಎಂದಳು, ನಾವೂ ಕಾದೆವು. ಹುಡುಗ ಆ ಕಡೆಯಿಂದ ಕನ್ನಡ ಪಾಠ ಗಟ್ಟಿಯಾಗಿ ಓದಿದ. ತಾಯಿ ಫೋನನ್ನು ಮೊಣಕಾಲ ಮೇಲಿಟ್ಟುಕೊಂಡು ಬಗ್ಗಿ ಕೇಳಿದಳು. ನಡುವೆ ಒಮ್ಮೆ, "ತಡೀ, ಅದನ್ನ ಮತ್ತ ಓದು" ಎಂದಳು. ನಿಮಗೆ ಹೇಗೆ ತಿಳಿಯಿತು ಎಂದು ಮೊಮ್ಮಗಳು ಕೇಳಿದ್ದಕ್ಕೆ, "ನನಗ ಓದಾಕ ಬರಂಗಿಲ್ಲವ್ವಾ. ಅವ ತಡವರಿಸಿದ್ರ ಗೊತ್ತಾಕ್ಕೈತಿ" ಎಂದಳು.

ಆ ರಾತ್ರಿ ಯಾರೂ ಹೆಚ್ಚು ಮಾತಾಡಲಿಲ್ಲ. ಇನ್ನೊಂದು ವರ್ಷ ಹೀಗೇ ತಿರುಗುವ ವಿಚಾರ ಮಗನಿಗಿತ್ತು. ಸೊಸೆ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಹೇಳಿರಲಿಲ್ಲ. ಮೊಮ್ಮಗಳಿಗೆ ಜೊತೆಯ ಮಕ್ಕಳಿಲ್ಲ ಎಂಬುದೊಂದೇ ಕೊರತೆ. ಆದರೆ ಆ ಒಂದು ಕೊರತೆ ಸಣ್ಣದಲ್ಲ ಎಂಬುದನ್ನು ನಲವತ್ತು ಮಕ್ಕಳ ತರಗತಿಯಲ್ಲಿ ಆಯುಷ್ಯ ಕಳೆದ ಮಾಸ್ತರನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಫೆಬ್ರುವರಿಯಲ್ಲಿ ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ ಜೇವರ್ಗಿಗೆ ಬಂದೆವು. ವಚನಕಾರ ಷಣ್ಮುಖ ಶಿವಯೋಗಿಗಳ ಊರಿದು. ಹದಿನೇಳನೆಯ ಶತಮಾನದವರು, ಅವರ ವಚನಗಳ ಅಂಕಿತ ಅಖಂಡೇಶ್ವರ. ಬಿಸಿಲು ಆಗಲೇ ಏರಿತ್ತು. ನನ್ನ ವಾಕಿಂಗನ್ನು ಐದಕ್ಕೇ ಶುರುಮಾಡಿದೆ. ಜೇವರ್ಗಿಯ ಒಂದು ಭಾಗಕ್ಕೆ ನಾರಾಯಣಪುರ ಜಲಾಶಯದ ನೀರು ಕಾಲುವೆಯಲ್ಲಿ ಬರುತ್ತದೆ. ಉಳಿದ ಕಡೆ ಬಯಲು ಒಣಗಿದರೂ ಕಾಲುವೆಯ ಅಂಚಿನಲ್ಲಿ ಹಸಿರು ಉಳಿದಿರುತ್ತದೆ. ಕುರಿಗಳು ಬೇಸಿಗೆಗೆ ಇತ್ತ ತಿರುಗುವುದು ಅದಕ್ಕೇ. ನಮ್ಮ ಸ್ನೇಹಿತರೂ ಬಂದಿಳಿದಿದ್ದರು. ಮೊಮ್ಮಗಳೂ ಲಿಂಗಸುಗೂರು ಕಡೆಯ ಆ ಹುಡುಗನೂ ಅಷ್ಟರಲ್ಲಿ ಫೋನಿನಲ್ಲಿ ಗೆಳೆಯರಾಗಿದ್ದರು. ಹಿಂಡು ಎಲ್ಲಿದೆ ಎಂಬ ಸುದ್ದಿ ನಮಗೆ ಮುಟ್ಟುತ್ತಿದ್ದದ್ದು ಅವನಿಂದಲೇ.

ಅಲ್ಲಿಯ ಮಾಳಿಗೆಯ ಮೇಲೆ ಊಟಕ್ಕೆ ಕುಳಿತಾಗ ಹೇಳಿದೆ: "ಜೂನಿಗೆ ಧಾರವಾಡದ ಮನೀ ಬೀಗ ತೆಗಿತೀನಿ."

"ನೀವೊಬ್ರೇ ಹೆಂಗ್ ಇರ್ತೀರಪ್ಪಾ?" ಎಂದ ಮಗ.

"ಒಬ್ರೇ ಯಾಕ? ನಾ ಇಲ್ಲೇನು?" ಎಂದಳು ಮೊಮ್ಮಗಳು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

ಮಾತು ಎರಡು ರಾತ್ರಿ ನಡೆಯಿತು. ನನ್ನ ಸಕ್ಕರೆ, ಶಾಲೆಯ ದೂರ, ರಾತ್ರಿ ಯಾರಿಗಾದರೂ ಜ್ವರ ಬಂದರೆ, ಎಲ್ಲವೂ ಬಂದವು. ಕೊನೆಗೆ ನಿಂತದ್ದು ಹೀಗೆ: ಮಳೆಗಾಲದಲ್ಲಿ ನಾಲ್ವರೂ ಧಾರವಾಡದಲ್ಲಿ, ದೀಪಾವಳಿಯ ನಂತರ ಮಗ ಒಂದೊಂದು ತಿಂಗಳು ಹೊರಗೆ. ಸೊಸೆ ಹೋಗುವುದು ಬಿಡುವುದು ಅವಳ ಇಷ್ಟ. ಈ ಕೊನೆಯ ಮಾತನ್ನು ಸೇರಿಸಿದವಳು ಸೊಸೆಯೇ.

ಕಾರಿನ ಮುಂದಿನ ಹಳೆಯ ಪಟ್ಟಿ ಹರಿದು ಹೊಸದು ಬಂದಿದೆ. ಜೂನ್‌ನಿಂದ ಜಾರಿ ಎಂದು ಮೇಲೆಯೇ ಬರೆದಿದ್ದಾಳೆ. ಸಂಜೆ ಏಳಕ್ಕೆ, 'ದೂರ ಇದ್ದವರಿಗೆ ಪಾಠ ಓದಿ ಹೇಳುವುದು.' ಬೆಳಿಗ್ಗೆ ಆರಕ್ಕೆ, 'ಅಮ್ಮನ ವಾಕಿಂಗ್, ಚಹಾ ಮುತ್ಯಾ ಮಾಡುವುದು.' ಇದರ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಹೊರಡುವ ದಿನ ಕುರಿಗಾಹಿಗಳನ್ನು ಕಂಡು ಬರಲು ಹೋದಾಗ ನಾಲ್ಕು ತಿಂಗಳಲ್ಲಿ ಬೀಗ ತೆಗೆಯುತ್ತೇವೆ ಎಂದು ಮೊಮ್ಮಗಳು ತಾನೇ ಸುದ್ದಿ ಹೇಳಿದಳು. ಹಿತ್ತಲಲ್ಲಿ ಅಜ್ಜಿ ಹಚ್ಚಿದ ಮಲ್ಲಿಗೆ ಬಳ್ಳಿ ನೀರಿಲ್ಲದೆ ಒಣಗಿರಬೇಕು ಎಂದೂ ಸೇರಿಸಿದಳು. "ಒಣಗಿದ್ರೂ ಬೇರು ಇರತೈತಿ ಬಿಡು" ಎಂದು ಆಕೆ ಒಂದು ಚೀಲದ ತುಂಬ ಹಿಕ್ಕೆ ಬಳಿದು ತುಂಬಿ ಕೊಟ್ಟಳು. ಮಗನ ಲ್ಯಾಪ್‌ಟಾಪ್ ಚೀಲದ ಪಕ್ಕದಲ್ಲೇ ಅದಕ್ಕೆ ಜಾಗವಾಯಿತು. ಸಿಂದಗಿ ಬರುವವರೆಗೂ ಕಾರಿನ ನಾಲ್ಕೂ ಕಿಟಕಿ ಇಳಿಸಿಕೊಂಡೇ ಹೋದೆವು.