ಅಜ್ಜಿ ಮನೆಯ ಮಳೆಗಾಲ

ಹೋದ ವರ್ಷ ಮೇ ತಿಂಗಳಲ್ಲಿ, ಆಫೀಸಿನ ಮೀಟಿಂಗ್ ಮಧ್ಯೆ ಅಮ್ಮನ ಫೋನ್ ಬಂತು. "ಮಾವ ತೋಟ ಮಾರ್ತಾನಂತೆ ಕಣೋ." ಆಮೇಲೆ ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ, ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಅಜ್ಜಿ ಮನೆ ಇರೋದು ಕಳಸದ ಹತ್ತಿರ, ಭದ್ರಾ ನದಿ ಕಡೆಗೆ ಇಳಿಯುವ ಒಂದು ಕಣಿವೆಯಲ್ಲಿ. ಮೂರು ಕಡೆ ಗುಡ್ಡ, ತಗ್ಗಿನಲ್ಲಿ ಅಡಿಕೆ ತೋಟ, ಇಳಿಜಾರಲ್ಲಿ ಒಂದಿಷ್ಟು ಕಾಫಿ. ಏಪ್ರಿಲ್ 10ಕ್ಕೆ ಸ್ಕೂಲಿನ ರಿಸಲ್ಟ್, ಅವತ್ತೇ ರಾತ್ರಿ ಬೆಂಗಳೂರಿಂದ ಬಸ್ಸು. ಬೆಳಗಿನ ಜಾವ ಕೊಟ್ಟಿಗೆಹಾರದ ಚಳಿಗೆ ಎಚ್ಚರ ಆಗ್ತಿತ್ತು. ಅಲ್ಲಿ ನೀರುದೋಸೆ ತಿಂದು, ಮುಂದಿನ ತಿರುವುಗಳಲ್ಲಿ ಅದನ್ನೆಲ್ಲ ವಾಂತಿ ಮಾಡಿಕೊಂಡು ಕಳಸ ತಲುಪೋದು ನನ್ನ ವಾರ್ಷಿಕ ಕಾರ್ಯಕ್ರಮ.

ಆಮೇಲಿನ ಒಂದೂವರೆ ತಿಂಗಳು ನಮ್ಮದೇ ರಾಜ್ಯ. ಅಡಿಕೆ ಹಾಳೆ ಮೇಲೆ ಒಬ್ಬನನ್ನು ಕೂರಿಸಿ ಅಂಗಳದ ತುಂಬ ಎಳೆಯೋದು. ಹೆಬ್ಬಾಳೆ ಸೇತುವೆ ಹತ್ತಿರ ಮೊಣಕಾಲುದ್ದದ ನೀರಲ್ಲಿ ಮೀನು ಹಿಡಿಯೋಕೆ ಹೋಗಿ, ಚಡ್ಡಿ ಒದ್ದೆ ಮಾಡಿಕೊಂಡು ಬರೋದು. ಅಜ್ಜಿ ಹಲಸಿನಕಾಯಿ ತೊಳೆ ಬೇಯಿಸಿ ಒರಳಿಗೆ ಹಾಕಿದರೆ, ಹಪ್ಪಳದ ಹಿಟ್ಟಿಗೆ ನಾವು ಸಾಲಾಗಿ ಕೈ ಚಾಚ್ತಿದ್ದೆವು. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಒಂದು ಉಂಡೆ ಸಿಗ್ತಿತ್ತು. ಅದಕ್ಕೆ ಪ್ರತಿಯಾಗಿ, ಚಾಪೆ ಮೇಲೆ ಒಣಗುವ ಹಪ್ಪಳದ ಹತ್ತಿರ ಕೋಲು ಹಿಡಿದು ಕಾಗೆ ಕಾಯಬೇಕು. ಅರ್ಧ ಒಣಗಿದ ಹಪ್ಪಳವನ್ನು ಕಾಗೆಗಿಂತ ಹೆಚ್ಚು ತಿಂದವರು ನಾವೇ. ಸೌದೆ ಜೋಡಿಸೋದು, ಕೊಟ್ಟಿಗೆಗೆ ದರಗು ಗುಡಿಸಿ ತರೋದು, ಎಲ್ಲವೂ ಆಟ. ಮೇ ಕೊನೆಗೆ ಮಿಂಚುಹುಳು ಶುರುವಾಗುವ ಹೊತ್ತಿಗೆ ಅಪ್ಪ ಕರೆದುಕೊಂಡು ಹೋಗೋಕೆ ಬರ್ತಿದ್ದರು. ಅತ್ತುಕೊಂಡೇ ಬಸ್ ಹತ್ತುತ್ತಿದ್ದೆ.

ಈ ನೆನಪುಗಳ ಧೈರ್ಯದ ಮೇಲೆ ಅವತ್ತು ರಾತ್ರಿ ಮಾವನಿಗೆ ಫೋನ್ ಮಾಡಿದೆ. "ಮಾವ, ಮಾರಬೇಡಿ. ನಮ್ಮ ಬಾಲ್ಯನೇ ಅಲ್ಲಿದೆ."

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಮಾರಾಯ, ನೀವೆಲ್ಲ ಬೇಸಿಗೆಗೆ ಬಂದು ಹೋದವರು. ಒಂದು ವಾರ ಮಳೆಗಾಲದಲ್ಲಿ ಇದ್ದು ನೋಡು. ಆಮೇಲೆ ಮಾತಾಡುವ" ಅಂದರು.

ನಿಜ. ಅಷ್ಟು ವರ್ಷದಲ್ಲಿ ಒಂದು ಸಲವೂ ಜೂನ್ ದಾಟಿದ ಮೇಲೆ ನಾನು ಆ ಮನೆಯಲ್ಲಿ ಇದ್ದಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡ ಕುಸಿದಾಗಲೂ ಬೆಂಗಳೂರಲ್ಲಿ ಕೂತು ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ನೋಡಿದ್ದೆ, ಅಷ್ಟೇ.

ಜುಲೈನಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆ, ಅಲ್ಲಿಂದಲೇ ಕೆಲಸ ಮಾಡ್ತೀನಿ ಅಂತ. ಎರಡನೇ ದಿನ ಕರೆಂಟ್ ಹೋಯ್ತು, ಹಿಂದೆಯೇ ನೆಟ್‌ವರ್ಕ್ ಕೂಡ. ನಾವು ಮೀನು ಹಿಡಿದ ಆ ಜಾಗದಲ್ಲಿ ಹೊಳೆ ಕೆಂಪಗೆ ಉಕ್ಕಿ ಹರೀತಿತ್ತು.

ಮಾವ ದಿನವಿಡೀ ಜಗಲಿಯಲ್ಲಿ ನಿಂತು ಆಕಾಶ ನೋಡ್ತಿದ್ದರು. ಅಡಿಕೆಗೆ ಕೊಳೆ ರೋಗ ಬರದಿರಲು ಎರಡನೇ ಸಲ ಔಷಧಿ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮಳೆ ಹೊಳವಾದಾಗ ಮರ ಹತ್ತುವವರು ಸಿಗಲ್ಲ, ಅವರು ಸಿಕ್ಕ ದಿನ ಮಳೆ ಬಿಡಲ್ಲ. ತೋಟದೊಳಗೆ ಕರೆದುಕೊಂಡು ಹೋಗಿ ಎಲೆಚುಕ್ಕಿ ರೋಗ ತೋರಿಸಿದರು. ಹಸಿರು ಸೋಗೆ ತುಂಬ ಕಂದು ಚುಕ್ಕೆ. ಇಳಿಜಾರು ಹತ್ತಿ ಬರುವಾಗ ಮಂಡಿ ಹಿಡಿದುಕೊಂಡು ಮೂರು ಸಲ ನಿಂತರು. ನಾನು ಕೈ ಕೊಟ್ಟೆ, ಹಿಡಿದುಕೊಳ್ಳಲಿಲ್ಲ.

ಸಂಜೆ ಅತ್ತೆ ಒಲೆ ಮುಂದೆ ಕೂತು ಹಪ್ಪಳ ಕರಿದರು. ಮೇಲೆ ಹಗ್ಗದಲ್ಲಿ ಒಣಗದ ಬಟ್ಟೆ, ಹೊರಗೆ ಅದೇ ಮಳೆ. ಬಿಸಿ ಗಂಜಿಗೆ ಹಪ್ಪಳ, ಮಿಡಿ ಉಪ್ಪಿನಕಾಯಿ. ಅವತ್ತು ನನಗೆ ಹೊಳೆಯಿತು. ನಾವು ರಜಾ ಅಂದುಕೊಂಡ ದಿನಗಳಲ್ಲಿ ಅಜ್ಜಿ ನಾಲ್ಕು ತಿಂಗಳ ಮಳೆಗೆ ತಯಾರಿ ಮಾಡ್ತಿದ್ದಳು. ಆ ಸೌದೆ, ಆ ದರಗು, ಆ ಹಪ್ಪಳ ಎಲ್ಲ ನಾವು ಬಸ್ ಹತ್ತಿದ ಮೇಲಿನ ಬದುಕಿಗೆ.

"ಈ ಸಲ ಎಷ್ಟು ಹಪ್ಪಳ ಮಾಡಿದ್ರಿ ಅತ್ತೆ?"

"ಒಬ್ಬಳೇ ಆದಷ್ಟು. ಕಾಗೆ ಓಡಿಸೋಕೆ ಮಕ್ಕಳೆಲ್ಲಿ? ಹಳೇ ಸಿ.ಡಿ. ನೇತು ಹಾಕಿದ್ದೆ."

ನಕ್ಕೆವು. ನನಗೆ ಗಂಟಲು ಕಟ್ಟಿತು.

ಹೊರಡುವ ದಿನ ಮಾವನಿಗೆ, "ನೀವು ಏನು ತೀರ್ಮಾನ ಮಾಡಿದರೂ ಸರಿ" ಅಂದೆ. ಅವರು ಏನೂ ಹೇಳದೆ ನನ್ನ ಬ್ಯಾಗಿಗೆ ಹಪ್ಪಳದ ಕಟ್ಟು ತುರುಕಿದರು.

ಡಿಸೆಂಬರ್‌ನಲ್ಲಿ ತೋಟ ಮಾರಾಟ ಆಯ್ತು. ಸಹಿಗೆ ಅಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಮನೆ, ಹಿತ್ತಲು, ಹಲಸಿನ ಮರ ಉಳಿಸಿಕೊಂಡಿದ್ದಾರೆ. ಅಮ್ಮ ವಾಪಸ್ ಬರುವಾಗ ಕೊಟ್ಟಿಗೆಹಾರದವರೆಗೂ ಒಂದು ಮಾತಾಡಲಿಲ್ಲ.

ನಿಮಗೂ ಇಂಥದ್ದೊಂದು ಊರು ಇದ್ದರೆ, ಒಂದು ಸಲ ಮಳೆಗಾಲದಲ್ಲಿ ಹೋಗಿ ಬನ್ನಿ. ಅಲ್ಲಿರುವವರ ಬಗ್ಗೆ ಮಾತಾಡುವ ಮುಂಚೆ ಹೋದರೆ ಒಳ್ಳೇದು.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. "ಹಲಸಿನಕಾಯಿ ಬಲಿತಿದೆ, ಕೊಯ್ಯೋಕೆ ಜನ ಇಲ್ಲ." ನಾಲ್ಕು ದಿನ ರಜೆ ಹಾಕಿದ್ದೇನೆ. ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಮೊದಲು 'ಪ್ರವಾಸ' ಅಂತ ಹಾಕಿದ್ದೆ. ಅಳಿಸಿ, 'ಮನೆ ಕೆಲಸ' ಅಂತ ಬರೆದೆ.